ಮಳೆ ಹಿಡಿದ ಮೇಲೆ ಕಚೇರಿಯ ಕಂಪ್ಯೂಟರ್‌ಗಳಿಗೆ ದಿನಕ್ಕೊಂದು ರೋಗ – ಫಾರ್ಮ್ಯಾಟ್ ಮಾಡದೆ ದಾರಿ ಉಂಟಾ?

ಬದಿಯಡ್ಕ_ಗುಮಾಸ್ತ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯಲ್ಲಿ ಕಚೇರಿ. ಆರು ಡೆಸ್ಕ್‌ಟಾಪ್, ಎಲ್ಲದಕ್ಕೂ 600 ವಿಎ ಯುಪಿಎಸ್, ಒಂದು ನೆಟ್‌ವರ್ಕ್ ಲೇಸರ್ ಪ್ರಿಂಟರ್, ಒಂದು ಫೈಬರ್ ಮೋಡೆಮ್. ಸಿಡಿಲಿನ ಹೆದರಿಕೆಗೆ ಸಂಜೆ ಮೈನ್ ಸ್ವಿಚ್ಚನ್ನೇ ಆಫ್ ಮಾಡಿ ಬೀಗ ಹಾಕುವುದು ಇಲ್ಲಿಯ ಕ್ರಮ. ಈಗಿನ ತೊಂದರೆ:

ಎರಡು ಕಂಪ್ಯೂಟರ್‌ಗಳಲ್ಲಿ ಬೆಳಿಗ್ಗೆ ತಾರೀಕು ಹಳೆಯ ವರ್ಷಕ್ಕೆ ಹೋಗಿರುತ್ತದೆ, ಸರಕಾರಿ ಜಾಲತಾಣ ಯಾವುದೂ ತೆರೆಯುವುದಿಲ್ಲ. ಒಂದರಲ್ಲಿ ಫ್ಯಾನ್ ತಿರುಗುತ್ತದೆ, ಬೀಪ್ ಬೀಪ್ ಅನ್ನುತ್ತದೆ, ಪರದೆ ಕಪ್ಪು. ಪ್ರಿಂಟರ್ ಕೆಲವು ದಿನ ಎಲ್ಲರಿಗೂ ಸಿಗುತ್ತದೆ, ಕೆಲವು ದಿನ ಎಲ್ಲರಿಗೂ ‘ಆಫ್‌ಲೈನ್’. ಎರಡು ಕ್ಯಾಬಿನೆಟ್‌ಗಳ ಹಿಂಬದಿ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದೆ. ಅದು ತೇವಕ್ಕೆ ಇರಬಹುದು.

ಸರ್ವೀಸಿನವರು ಆರನ್ನೂ ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಿದ್ದಾರೆ. ಬೇಕಾ?

ಕುಂಬಳೆ_ಹಾರ್ಡ್‌ವೇರ್

ಬೇಡ. ನೀವು ಬರೆದದ್ದರಲ್ಲಿ ವಿಂಡೋಸಿನ ತಪ್ಪು ಒಂದೂ ಇಲ್ಲ.

ತಾರೀಕು ಹಿಂದೆ ಹೋಗುವುದು ಮದರ್‌ಬೋರ್ಡಿನ ಗುಂಡಿ ಸೆಲ್ ಮುಗಿದದ್ದಕ್ಕೆ. ಪ್ಲಗ್ಗಿನಲ್ಲಿ ಕರೆಂಟ್ ಇದ್ದರೆ ಕಂಪ್ಯೂಟರ್ ಬಂದ್ ಆಗಿದ್ದರೂ ಎಸ್‌ಎಂಪಿಎಸ್‌ನ (ಒಳಗೆ ಕರೆಂಟ್ ಹಂಚುವ ಪೆಟ್ಟಿಗೆಯ) ಸ್ಟ್ಯಾಂಡ್‌ಬೈ 5 ವೋಲ್ಟ್ ಗಡಿಯಾರವನ್ನು ನಡೆಸುತ್ತದೆ. ನೀವು ಮೈನ್ ತೆಗೆದ ಕೂಡಲೇ ಇಡೀ ರಾತ್ರಿಯ ಭಾರ ಸೆಲ್ಲಿನ ಮೇಲೆ. ಬಾಕಿ ಕಡೆ ನಾಲ್ಕೈದು ವರ್ಷ ಬರುವ ಸೆಲ್ ನಿಮ್ಮಲ್ಲಿ ಬೇಗ ಸಾಯುವುದು ಹಾಗೆ. ಮಲ್ಟಿಮೀಟರ್ ಇಟ್ಟು ನೋಡಿ: ಹೊಸದು 3 ವೋಲ್ಟಿಗಿಂತ ತುಸು ಮೇಲೆ ತೋರಿಸುತ್ತದೆ, 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ಸಿಆರ್2032 ಎಂದೇ ಕೇಳಿ ತನ್ನಿ. ಅಂಗಡಿಯಲ್ಲಿ ಅದಿಲ್ಲದೆ ಸಿಆರ್2025 ಕೊಟ್ಟರೆ ಬೇಡ ಅನ್ನಿ. ಎರಡರ ಅಗಲವೂ 20 ಮಿ.ಮೀ., ಆದರೆ ಅದರ ದಪ್ಪ 2.5, ಬೇಕಾದ್ದು 3.2. ತೆಳ್ಳಗಿನದು ಕ್ಲಿಪ್ಪಿನಲ್ಲಿ ಸಡಿಲ ಕೂತು ಮತ್ತೆ ಅದೇ ಕಥೆ.

ಬದಲಿಸುವ ಮೊದಲು ಬಯಾಸ್‌ಗೆ (ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ ಪರದೆಗೆ) ಹೋಗಿ ಒಂದೊಂದು ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಮುಖ್ಯವಾಗಿ ಎರಡು: ಸಾಟಾ ಮೋಡ್ (ಹಾರ್ಡ್‌ಡಿಸ್ಕ್ ಜೋಡಣೆಯ ಬಗೆ) ಎಎಚ್‌ಸಿಐ ಉಂಟಾ ರೇಡ್ ಉಂಟಾ, ಬೂಟ್ ಮೋಡ್ ಲೆಗಸಿಯಾ ಯುಇಎಫ್‌ಐಯಾ. ಸೆಲ್ ಸತ್ತಾಗ ಹಳೆಯ ಬೋರ್ಡುಗಳು ಇದನ್ನೆಲ್ಲ ಮರೆತು ಕಂಪೆನಿಯ ಸೆಟ್ಟಿಂಗಿಗೆ ಹೋಗುತ್ತವೆ. ಆಗ ನೀಲಿ ಪರದೆ ಬಂದು ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ಬರುತ್ತದೆ. ಹಾರ್ಡ್‌ಡಿಸ್ಕ್ ಹೋಯಿತು ಅಂದುಕೊಂಡು ಫಾರ್ಮ್ಯಾಟ್ ಮಾಡುವವರು ಬಹಳ ಜನ. ಆ ಒಂದು ಸಾಲನ್ನು ಮೊದಲಿನ ಹಾಗೆ ಮಾಡಿದರೆ ವಿಂಡೋಸ್ ಸುಮ್ಮನೆ ಎದ್ದು ಕೂರುತ್ತದೆ.

ಸೆಲ್ ಹಾಕಿದ ಮೇಲೆ ತಾರೀಕನ್ನು ಕೈಯಲ್ಲೇ ಸರಿ ಮಾಡಿ. ಇಂಟರ್ನೆಟ್ ಉಂಟಲ್ಲ, ತಾನಾಗಿ ಸರಿಯಾಗುತ್ತದೆ ಎಂದು ಕಾಯಬೇಡಿ. 15 ಗಂಟೆಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ವಿಂಡೋಸ್ ಅದನ್ನು ಸರಿಪಡಿಸುವುದಿಲ್ಲ. ಜಾಲತಾಣ ತೆರೆಯದ್ದೂ ಇದಕ್ಕೇ. ಜಾಲತಾಣದ ಸರ್ಟಿಫಿಕೇಟಿನ (ಅದರ ಗುರುತು ಚೀಟಿಯ) ಅವಧಿ ನಿಮ್ಮ ಗಡಿಯಾರದ ಲೆಕ್ಕದಲ್ಲಿ ಇನ್ನೂ ಶುರುವೇ ಆಗಿಲ್ಲ, ಬ್ರೌಸರ್ ಬಾಗಿಲು ಹಾಕುತ್ತದೆ.

ಬೀಪ್ ಬರುವುದು ಹೆಚ್ಚಾಗಿ ರ‍್ಯಾಮ್. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿ. ಎರಡು ಉಂಟಾದರೆ ಒಂದೊಂದನ್ನೇ ಹಾಕಿ ನೋಡಿ, ಯಾವುದು ಕೆಟ್ಟದ್ದು ಗೊತ್ತಾಗುತ್ತದೆ.

ಚಂದ್ರಗಿರಿ_ನೆಟ್

ರಬ್ಬರಿನ ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ಚಿನ್ನದ ಲೇಪ ಬಹಳ ತೆಳು, ಪ್ರತಿ ಮಳೆಗಾಲಕ್ಕೂ ಉಜ್ಜಿದರೆ ಅಡಿಯ ಲೋಹ ಕಾಣುತ್ತದೆ, ಮತ್ತೆ ಅದು ಬೇಗ ಕಿಲುಬು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ 99 ಶೇಕಡದ್ದು ಸಿಗುತ್ತದೆ, ನೂಲು ಬಿಡದ ಬಟ್ಟೆಗೆ ಎರಡು ಹನಿ ಹಾಕಿ ಒರೆಸಿದರೆ ಸಾಕು. ರಬ್ಬರೇ ಇರುವುದಾದರೆ ಪುಡಿಯನ್ನು ಬ್ರಶ್ಶಿನಿಂದ ಪೂರ್ತಿ ತೆಗೆಯಿರಿ. ಸ್ಲಾಟಿನೊಳಗೆ ಬಿದ್ದರೆ ಹೊಸ ತೊಂದರೆ. ಬಾಯಿಯಿಂದ ಊದಲೇಬೇಡಿ, ಉಗುಳಿನ ತೇವ ಹೋಗುವುದು ಸೀದಾ ಕನೆಕ್ಟರಿಗೆ. ಹಾಕುವಾಗ ಎರಡೂ ಬದಿಯ ಕಿವಿ ಟಕ್ ಅಂತ ಕೂರಬೇಕು.

ಇನ್ನು ಪ್ರಿಂಟರ್. ಇದಕ್ಕೂ ಕಾರಣ ಅದೇ ಮೈನ್ ಸ್ವಿಚ್. ಬೆಳಿಗ್ಗೆ ಮೋಡೆಮ್, ಆರು ಕಂಪ್ಯೂಟರ್, ಪ್ರಿಂಟರ್ ಎಲ್ಲ ಒಟ್ಟಿಗೆ ಏಳುತ್ತವೆ. ಸಣ್ಣ ಮೋಡೆಮ್‌ಗಳು ನಿನ್ನೆ ಯಾರಿಗೆ ಯಾವ ಐಪಿ (ನೆಟ್‌ವರ್ಕಿನ ವಿಳಾಸ) ಕೊಟ್ಟಿದ್ದೆ ಎಂದು ನೆನಪಿಟ್ಟುಕೊಳ್ಳುವುದಿಲ್ಲ, ಮೊದಲು ಕೇಳಿದವನಿಗೆ ಮೊದಲನೆಯದು. ನಿನ್ನೆ 192.168.1.5 ಇದ್ದ ಪ್ರಿಂಟರ್ ಇವತ್ತು 192.168.1.8. ಕಂಪ್ಯೂಟರ್‌ಗಳು ಇನ್ನೂ 5ರ ಮನೆಯ ಬಾಗಿಲು ತಟ್ಟುತ್ತಿರುತ್ತವೆ.

ಮೊದಲು ಪ್ರಿಂಟರಿನಿಂದಲೇ ಕಾನ್ಫಿಗರೇಶನ್ ಪುಟ ಪ್ರಿಂಟ್ ಮಾಡಿ, ಐಪಿಯೂ ಮ್ಯಾಕ್ ನಂಬರೂ (ಆ ಯಂತ್ರದ ಬದಲಾಗದ ಗುರುತು) ಅದರಲ್ಲಿ ಇರುತ್ತವೆ. ಐಪಿ 169.254ರಿಂದ ಶುರುವಾಗಿದ್ದರೆ ಪ್ರಿಂಟರಿಗೆ ಮೋಡೆಮ್ ಸಿಕ್ಕೇ ಇಲ್ಲ ಎಂದು ಅರ್ಥ, ಕೇಬಲ್ ನೋಡಿ. ಸರಿಯಿದ್ದರೆ ಮೋಡೆಮಿನ ಡಿಎಚ್‌ಸಿಪಿ (ಐಪಿ ಹಂಚುವ) ಪುಟದಲ್ಲಿ ಆ ಮ್ಯಾಕ್‌ಗೆ ಒಂದು ಐಪಿ ಕಾದಿರಿಸಿ, ಉದಾಹರಣೆಗೆ 192.168.1.200. ಆ ಸೌಲಭ್ಯ ಇಲ್ಲದಿದ್ದರೆ ಡಿಎಚ್‌ಸಿಪಿ ಹಂಚುವ ಸಾಲನ್ನು 2ರಿಂದ 150ರ ವರೆಗೆ ಮಾತ್ರ ಇಟ್ಟು, ಪ್ರಿಂಟರಿನ ಮೆನುವಿನಲ್ಲಿ 200ನ್ನು ಕೈಯಲ್ಲಿ ಬರೆಯಿರಿ. ಸಾಲಿನ ಒಳಗಿನ ನಂಬರನ್ನೇ ಕೈಯಲ್ಲಿ ಕೊಟ್ಟರೆ ಒಂದು ದಿನ ಅದನ್ನೇ ಯಾರದ್ದೋ ಮೊಬೈಲಿಗೂ ಕೊಟ್ಟು ಎರಡೂ ಸತ್ತು ಕೂರುತ್ತವೆ.

ಆಮೇಲೆ ಪ್ರತಿ ಕಂಪ್ಯೂಟರಿನಲ್ಲೂ ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್. ಅಲ್ಲಿ ಡಬ್ಲ್ಯುಎಸ್‌ಡಿ ಪೋರ್ಟ್ (ವಿಂಡೋಸ್ ತಾನಾಗಿ ಹುಡುಕಿ ಮಾಡುವುದು) ಇದ್ದರೆ ಅದನ್ನು ಬಳಸಬೇಡಿ, ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್ ಹೊಸದಾಗಿ ಮಾಡಿ 200ಕ್ಕೆ ಕಟ್ಟಿ. ಕಾನ್ಫಿಗರ್ ಪೋರ್ಟ್ ಒಳಗೆ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಎಂಬ ಟಿಕ್ ಉಂಟು, ತೆಗೆಯಿರಿ. ಅದು ಪ್ರಿಂಟರಿನ ಸ್ಥಿತಿ ಕೇಳುವ ಪ್ರಶ್ನೆ. ಪ್ರಿಂಟರ್ ಅದಕ್ಕೆ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ಆಫ್‌ಲೈನ್ ಎಂದು ಬರೆದುಬಿಡುತ್ತದೆ, ಎದುರಿಗೆ ಹಸಿರು ದೀಪ ಉರಿಯುತ್ತಿದ್ದರೂ.

ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಸಿಕ್ಕಿಸಲೇಬೇಡಿ. 600 ವಿಎ ಅಂದರೆ ಹೆಚ್ಚೆಂದರೆ 360 ವ್ಯಾಟ್. ಫ್ಯೂಸರ್ (ಕಾಗದಕ್ಕೆ ಶಾಯಿ ಪುಡಿ ಅಂಟಿಸುವ ಬಿಸಿ ರೋಲರ್) ಬಿಸಿಯಾಗುವಾಗ ಅದರ ಎರಡು ಮೂರು ಪಟ್ಟು ಎಳೆಯುತ್ತದೆ.

ಪೆರ್ಲ_ವಯರಿಂಗ್

ಎಲ್ಲರೂ ಸೆಲ್ಲು, ಪ್ರಿಂಟರು ಅಂತ ಹೋದಿರಿ. ಕೊನೆಯ ಸಾಲು ನೋಡಿ ಮಾರಾಯ್ರೆ: ಕ್ಯಾಬಿನೆಟ್ ಜುಮ್ ಅನ್ನುತ್ತದೆ. ಅದು ತೇವ ಅಲ್ಲ.

ಮೂರು ಪಿನ್ನಿನ ಸಾಕೆಟ್‌ನಲ್ಲಿ ಮೀಟರ್ ಇಟ್ಟು ಮೂರು ಅಳತೆ ತೆಗೆದು ಇಲ್ಲಿ ಹಾಕಿ: ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್. ಮೀಟರ್ 600 ಅಥವಾ 750 ವೋಲ್ಟ್ ಎಸಿಯಲ್ಲಿ ಇರಲಿ, ತಂತಿಯ ಲೋಹಕ್ಕೆ ಬೆರಳು ತಾಗಬಾರದು. ಕಂಪ್ಯೂಟರ್‌ಗಳು ಸಿಕ್ಕಿಸಿದ ಹಾಗೇ ಇರಲಿ. ಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ವಯರ್‌ಮನ್‌ಗೆ ಹೇಳಿ.

ಬದಿಯಡ್ಕ_ಗುಮಾಸ್ತ

ವಯರ್‌ಮನ್ ಬಂದು ನೋಡಿದರು. ಫೇಸ್–ನ್ಯೂಟ್ರಲ್ 226, ಫೇಸ್–ಅರ್ತ್ 117, ನ್ಯೂಟ್ರಲ್–ಅರ್ತ್ 108. ಸೆಲ್ 2.3 ಇತ್ತು, ಹೊಸದು ಹಾಕಿ ತಾರೀಕು ನಿಂತಿದೆ. ರ‍್ಯಾಮ್ ಒರೆಸಿದ ಮೇಲೆ ಪರದೆ ಬಂತು.

ಪೆರ್ಲ_ವಯರಿಂಗ್

ಅರ್ಧರ್ಧ ಬಂತಲ್ಲ, ಅರ್ತ್ ಎಲ್ಲಿಗೂ ತಲುಪುತ್ತಿಲ್ಲ. ಸರಿಯಿದ್ದರೆ ಫೇಸ್–ಅರ್ತ್ 224–226 ಇರಬೇಕಿತ್ತು, ನ್ಯೂಟ್ರಲ್–ಅರ್ತ್ ಎರಡು ಮೂರು ವೋಲ್ಟಿನೊಳಗೆ.

ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಎರಡು ಸಣ್ಣ ಕೆಪಾಸಿಟರ್ ಉಂಟು, ಒಂದು ಫೇಸಿನಿಂದ ಕ್ಯಾಬಿನೆಟ್ಟಿಗೆ, ಇನ್ನೊಂದು ನ್ಯೂಟ್ರಲಿನಿಂದ ಕ್ಯಾಬಿನೆಟ್ಟಿಗೆ. ಅರ್ತ್ ತಂತಿ ಇದ್ದರೆ ಅವುಗಳ ಸೋರಿಕೆ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ವೋಲ್ಟೇಜ್ ಎರಡರ ನಡುವೆ ಪಾಲಾಗಿ ತಗಡಿನ ಮೇಲೆ ಸುಮಾರು ಅರ್ಧ ನಿಲ್ಲುತ್ತದೆ. ಅದೇ ನಿಮ್ಮ ಜುಮ್. ಸೋರುವ ಕರೆಂಟ್ ಸಣ್ಣದು, ಆದರೆ ಒಳಗೆ ನಿಜವಾದ ಫಾಲ್ಟ್ ಆಯಿತೆಂದರೆ ಅದೇ ತಗಡಿಗೆ ಪೂರ್ತಿ 230 ಬರುತ್ತದೆ, ಫ್ಯೂಸೂ ಹೋಗುವುದಿಲ್ಲ. ಇನ್ನೊಂದು: ಹೀಗೆ ತೇಲುತ್ತಿರುವ ಕಂಪ್ಯೂಟರಿಗೆ ಬೇರೆ ಸಾಕೆಟ್ಟಿನ ಮಾನಿಟರ್, ಸ್ಕ್ಯಾನರ್ ಕೇಬಲ್ ಸಿಕ್ಕಿಸುವಾಗ ಕಿಡಿ ಹಾರಿ ಪೋರ್ಟ್ ಸುಡುತ್ತದೆ. ಸ್ಪೈಕ್‌ಗಾರ್ಡೂ ಅರ್ಧ ಅಲಂಕಾರಕ್ಕೆ ಮಾತ್ರ, ಸಿಡಿಲಿನ ಏರಿಕೆಯನ್ನು ಅದು ತಳ್ಳಬೇಕಾದ್ದು ಅರ್ತ್‌ಗೇ.

ಹುಡುಕುವುದು ಸಾಕೆಟ್ಟಿನಿಂದ ಹಿಂದಕ್ಕೆ, ಮೈನ್ ಆಫ್ ಮಾಡಿ. ಒಂದೇ ಸಾಕೆಟ್ಟಿನಲ್ಲಿ ಹೀಗಿದ್ದರೆ ಅದರ ಸ್ಕ್ರೂ ಸಡಿಲ. ಎಲ್ಲದರಲ್ಲೂ ಇದ್ದರೆ ಡಿಬಿಯ (ಫ್ಯೂಸ್ ಪೆಟ್ಟಿಗೆಯ) ಅರ್ತ್ ಪಟ್ಟಿ, ಅಲ್ಲಿಯೂ ಸರಿಯಿದ್ದರೆ ಹೊರಗಿನ ಅರ್ತ್ ಗುಂಡಿ. ಗುಂಡಿಯ ಮೇಲ್ಗಡೆ ಜಿಐ (ಸತು ಲೇಪದ ಕಬ್ಬಿಣದ) ತಂತಿ ಬೋಲ್ಟಿನ ಹತ್ತಿರ ತುಕ್ಕು ಹಿಡಿದು ತುಂಡಾಗಿರುವುದು ನಮ್ಮ ಕಡೆ ತೀರಾ ಸಾಮಾನ್ಯ. ಮುರಕಲ್ಲಿನ ಗುಡ್ಡದಲ್ಲಿ ಎರಡಡಿ ಅಗೆದು ಪೈಪ್ ತುಂಡು ನೆಟ್ಟು ಹೋದವರೂ ಇದ್ದಾರೆ. ಪೈಪ್ ಎರಡೂವರೆ ಮೀಟರ್ ಇಳಿಯಬೇಕು, ಸುತ್ತ ಇದ್ದಿಲು, ಉಪ್ಪು. ಬೇಸಗೆಯಲ್ಲಿ ನೀರು ಹಾಕಬೇಕು. ನ್ಯೂಟ್ರಲಿನಿಂದ ಅರ್ತ್ ಪಿನ್ನಿಗೆ ತಂತಿ ಕಟ್ಟಿ ‘ಸರಿಯಾಯಿತು’ ಅನ್ನುವ ವಿದ್ಯೆಯೂ ಉಂಟು. ಅದು ಮಾತ್ರ ಬೇಡವೇ ಬೇಡ. ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಆರೂ ಕ್ಯಾಬಿನೆಟ್‌ಗಳಲ್ಲಿ 230.

ಮೈನ್ ಆಫ್ ಮಾಡುವ ಕ್ರಮದ ಬಗ್ಗೆ: ಸಿಡಿಲಿಗೆ ಸ್ವಿಚ್ಚಿನ ಒಳಗಿನ ಅಂತರ ಒಂದು ಲೆಕ್ಕವೇ ಅಲ್ಲ. ತುಲಾವರ್ಷದ (ಅಕ್ಟೋಬರ್–ನವೆಂಬರ್ ಮಳೆಯ) ಗುಡುಗು ಬರುವ ಹೊತ್ತಿಗೆ ಪ್ಲಗ್ ಕೀಳಿ. ಪಕ್ಕದ ಕಟ್ಟಡಕ್ಕೆ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ ಅದನ್ನೂ ಕೀಳಿ. ಸ್ವಿಚ್‌ಗಳ ಪೋರ್ಟ್ ಹೋಗುವುದು ಹೆಚ್ಚಾಗಿ ಆ ದಾರಿಯಲ್ಲಿ.

ಮಂಜೇಶ್ವರ_ಡಿಟಿಪಿ

ಇದೇ ಎಳೆಯಲ್ಲಿ ಕೇಳುತ್ತೇನೆ, ಕ್ಷಮಿಸಿ. ಹಳೆಯ ಕನ್ನಡ ಪತ್ರಗಳು ಹೊಸ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ತೆರೆಯುತ್ತವೆ. ಫೈಲ್ ಕೆಟ್ಟಿತಾ?

ಚಂದ್ರಗಿರಿ_ನೆಟ್

ಕೆಟ್ಟಿಲ್ಲ. ವರ್ಡ್‌ನಲ್ಲಿ ಆ ಸಾಲನ್ನು ಆಯ್ದು ಫಾಂಟ್ ಪೆಟ್ಟಿಗೆ ನೋಡಿ, ಫಾಂಟ್ ಇಲ್ಲದಿದ್ದರೂ ಹೆಸರು ಅಲ್ಲಿರುತ್ತದೆ: ‘ನುಡಿ’ ತಂತ್ರಾಂಶದ್ದೋ ‘ಬರಹ’ ತಂತ್ರಾಂಶದ್ದೋ. ಓದಲಿಕ್ಕೆ ಮಾತ್ರವಾದರೆ ಆ ಫಾಂಟ್ ಹಾಕಿದರೆ ಸಾಕು. ಹುಡುಕಬೇಕು, ಮೇಲ್ ಮಾಡಬೇಕು ಅಂತಾದರೆ ನುಡಿ ಅಥವಾ ಬರಹದ ಕನ್ವರ್ಟರಿನಲ್ಲಿ ಯುನಿಕೋಡ್‌ಗೆ ತನ್ನಿ, ಮೂಲ ಫೈಲ್ ಬೇರೆ ಇಟ್ಟುಕೊಂಡು. ಇಡೀ ಪುಟ ಒಟ್ಟಿಗೆ ಹಾಕಬೇಡಿ. ನಡುವಿನ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಮಲಯಾಳ ಸಾಲುಗಳು ಎಂಎಲ್-ಟಿಟಿ ಫಾಂಟಿನಲ್ಲಿದ್ದರೆ ಅವಕ್ಕೆ ಬೇರೆಯೇ ಕನ್ವರ್ಟರ್ ಬೇಕು, ಮೊದಲು ಅವನ್ನು ಪ್ರತ್ಯೇಕಿಸಿ. ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ, ಹೆಚ್ಚು ತಪ್ಪುವುದು ಅಲ್ಲೇ.

ಬದಿಯಡ್ಕ_ಗುಮಾಸ್ತ

ಗುಂಡಿಯ ಹತ್ತಿರವೇ ತಂತಿ ತುಂಡಾಗಿತ್ತು. ಸರಿ ಮಾಡಿದ ಮೇಲೆ ನ್ಯೂಟ್ರಲ್–ಅರ್ತ್ 1.4, ಜುಮ್ ಇಲ್ಲ. ಪ್ರಿಂಟರ್ 200ರಲ್ಲಿ ನಿಂತಿದೆ. ಆದರೆ ಈಗ ಬೆಳಿಗ್ಗೆ ಮೈನ್ ಹಾಕಿದ ಕೂಡಲೇ ಇಎಲ್‌ಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ. ಮೊದಲು ಆಗುತ್ತಿರಲಿಲ್ಲ.

ಪೆರ್ಲ_ವಯರಿಂಗ್

ಮೊದಲು ಸೋರಿಕೆಗೆ ಹೋಗಲು ದಾರಿಯೇ ಇರಲಿಲ್ಲ, ಈಗ ಇಎಲ್‌ಸಿಬಿಗೆ ಕಾಣುತ್ತಿದೆ. 30 ಮಿಲಿ ಆಂಪಿಯರಿನದು 15 ದಾಟಿದರೆ ಟ್ರಿಪ್ ಆಗಬಹುದು, ಅದು ಕೆಟ್ಟದ್ದಲ್ಲ.

ಎಲ್ಲ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ನ್ಯೂಟ್ರಲಿನ ಫಾಲ್ಟ್ ಸ್ವಿಚ್ಚಿಗೆ ಸಿಗುವುದಿಲ್ಲ. ಆಗಲೂ ಟ್ರಿಪ್ ಆದರೆ ವಯರಿಂಗಿನಲ್ಲೇ ನೀರು, ಹೊರಗಿನ ಲೈಟಿನ ಪಾಯಿಂಟ್ ಮೊದಲು ನೋಡಿಸಿ. ನಿಂತರೆ ಒಂದೊಂದೇ ಸಿಕ್ಕಿಸಿ. ಪ್ರತಿ ಸಲವೂ ಒಂದೇ ಕಂಪ್ಯೂಟರಿಗೆ ಟ್ರಿಪ್ ಆದರೆ ಅದರ ಎಸ್‌ಎಂಪಿಎಸ್ ಅಥವಾ ಯುಪಿಎಸ್‌ನೊಳಗೆ ತೇವ ಕುಡಿದ ಧೂಳು. ಬ್ಲೋವರ್ ಹಿಡಿಸಿ, ಆಗದಿದ್ದರೆ ಬದಲಿಸಿ. ಯಾವ ಕ್ರಮದಲ್ಲಿ ಸಿಕ್ಕಿಸಿದರೂ ಕೊನೆಯದಕ್ಕೇ ಟ್ರಿಪ್ ಆದರೆ ಎಲ್ಲದರ ಸೋರಿಕೆ ಕೂಡಿ ಮಿತಿ ದಾಟುತ್ತಿದೆ. ಆಗ ಕಂಪ್ಯೂಟರ್ ಲೈನನ್ನು ಎರಡು ಮಾಡಿ ಎರಡಕ್ಕೂ ಬೇರೆ ಬೇರೆ 30 ಮಿಲಿ ಆಂಪಿಯರ್ ಇಎಲ್‌ಸಿಬಿ ಹಾಕಿಸಿ. ಒಂದನ್ನೇ 100ಕ್ಕೆ ಏರಿಸಲು ಹೇಳಿದರೆ ಒಪ್ಪಬೇಡಿ, ಮನುಷ್ಯನ ಜೀವ ಕಾಯುವುದು 30.

ಅಷ್ಟರ ವರೆಗೆ, ಬೆಳಿಗ್ಗೆ ಮೈನ್ ಹಾಕುವ ಮೊದಲು ಸಾಕೆಟ್ ಸ್ವಿಚ್‌ಗಳೆಲ್ಲ ಆಫ್ ಇರಲಿ. ಮೈನ್ ಹಾಕಿ, ಒಂದೊಂದಾಗಿ ಹಾಕುತ್ತಾ ಬನ್ನಿ. ಎಲ್ಲ ಫಿಲ್ಟರ್‌ಗಳೂ (ಎಸ್‌ಎಂಪಿಎಸ್‌ನ ಆ ಸಣ್ಣ ಕೆಪಾಸಿಟರ್‌ಗಳು) ಒಂದೇ ಗಳಿಗೆಯಲ್ಲಿ ತುಂಬಿಕೊಳ್ಳುವುದಕ್ಕೇ ಟ್ರಿಪ್ ಆಗುತ್ತಿದ್ದರೆ ಇಷ್ಟರಲ್ಲೇ ನಿಲ್ಲುತ್ತದೆ.