‘ಕಾನ್ಸುಲ್’ಗೆ ಕನ್ನಡದಲ್ಲಿ ಏನನ್ನೋಣ? ರಾಯಭಾರಿ, ಸ್ಥಾನಪತಿ, ಪಾರುಪತ್ತೇಗಾರ

ಬಳಗದ ಎಲ್ಲರಿಗೂ ನಮಸ್ಕಾರ.

ಕೋಲಾರ ಜಿಲ್ಲೆಯಿಂದ ಕುವೈತ್, ಸೌದಿ, ದುಬೈ ಕಡೆಗೆ ದುಡಿಯಲು ಹೋದವರ ಮನೆಯವರಿಗೆಂದು ನಾವು ಕೆಲವರು ಸೇರಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇವೆ. ಪಾಸ್‌ಪೋರ್ಟ್ ಕಳೆದರೆ, ಸಂಬಳ ನಿಂತರೆ, ಯಾರಾದರೂ ತೀರಿಕೊಂಡರೆ ಅಲ್ಲಿರುವ ಭಾರತದ ಯಾವ ಕಚೇರಿಗೆ ಹೋಗಬೇಕು ಅನ್ನುವುದೇ ಅದರ ವಿಷಯ. ‘ಕಾನ್ಸುಲ್’, ‘ಕಾನ್ಸುಲೇಟ್’, ‘ಕಾನ್ಸುಲರ್’ ಈ ಮೂರಕ್ಕೆ ಒಪ್ಪುವ ಕನ್ನಡ ಸಿಗದೆ ಕೆಲಸ ನಿಂತಿದೆ.

ನಮ್ಮ ಪತ್ರಿಕೆಗಳು ಎಲ್ಲದಕ್ಕೂ ‘ರಾಯಭಾರ ಕಚೇರಿ’ ಎಂದೋ ‘ದೂತಾವಾಸ’ ಎಂದೋ ಬರೆದುಬಿಡುತ್ತವೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗಲೂ ಇದೇ ಗೊಂದಲ. ಅಮೆರಿಕದ ರಾಯಭಾರ ಕಚೇರಿ ಇರುವುದು ದೆಹಲಿಯಲ್ಲಿ. ಓದುಗನಿಗೆ ಇದರಿಂದ ನಷ್ಟವೇನೂ ಇಲ್ಲ ಅನ್ನಿಸಬಹುದು, ಆದರೆ ಕೊಲ್ಲಿಯಲ್ಲಿ ಮಗ ಸಿಕ್ಕಿಬಿದ್ದಿರುವ ತಾಯಿಗೆ ನಷ್ಟವಿದೆ. ಯುಎಇಯಲ್ಲಿ ನಮ್ಮ ರಾಯಭಾರ ಕಚೇರಿ ಅಬುಧಾಬಿಯಲ್ಲಿದೆ. ದುಬೈ, ಶಾರ್ಜಾ, ಅಜ್ಮಾನ್ ಕಡೆಯವರ ಕೆಲಸ ಆಗುವುದು ದುಬೈ ಕಾನ್ಸುಲೇಟಿನಲ್ಲಿ. ಸೌದಿಯಲ್ಲಿ ರಾಯಭಾರಿ ರಿಯಾದ್‌ನಲ್ಲಿ, ಕಾನ್ಸುಲೇಟ್ ಜೆದ್ದಾದಲ್ಲಿ. ಹಜ್‌ಗೆ ಹೋದವರ ಅನುಕೂಲ ನೋಡುವುದೂ ಜೆದ್ದಾದವರೇ. ಕುವೈತ್‌ನಲ್ಲಿ ಬೇರೆ ಕಾನ್ಸುಲೇಟ್ ಇಲ್ಲ, ರಾಯಭಾರ ಕಚೇರಿಯೊಳಗೇ ಕಾನ್ಸುಲರ್ ವಿಭಾಗವಿದೆ. ಹೋಗಿ ಬಂದವರನ್ನು ಕೇಳಿದರೆ ಅವರ ಬಾಯಲ್ಲಿ ಎಲ್ಲವೂ ‘ಎಂಬಸಿ’.

ಎರಡೂ ಬೇರೆ ಕೆಲಸ. ಸರ್ಕಾರ ಇನ್ನೊಂದು ಸರ್ಕಾರದ ಜತೆ ಮಾತಾಡುವುದು ರಾಯಭಾರ. ಇದರ ನಿಯಮಗಳು 1961ರ ವಿಯೆನ್ನಾ ಒಪ್ಪಂದದಲ್ಲಿವೆ. ಪರದೇಶದಲ್ಲಿರುವ ತನ್ನ ಜನರ ಕಷ್ಟಸುಖ, ಕಾಗದಪತ್ರ ನೋಡಿಕೊಳ್ಳುವುದು ಕಾನ್ಸುಲರ ಕೆಲಸ. ಅದಕ್ಕೆ 1963ರಲ್ಲಿ ಬೇರೆಯೇ ಒಪ್ಪಂದವಾಯಿತು. ರಕ್ಷಣೆಯೂ ಒಂದೇ ಸಮನಾಗಿಲ್ಲ. ಕಾನ್ಸುಲ್ ಅಧಿಕಾರಿಗೆ ನ್ಯಾಯಾಲಯದಿಂದ ವಿನಾಯಿತಿ ಇರುವುದು ಕಚೇರಿಯ ಕೆಲಸಕ್ಕೆ ಸಂಬಂಧಪಟ್ಟಷ್ಟಕ್ಕೆ ಮಾತ್ರ. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಭಾರತದ ಉಪ ಕಾನ್ಸುಲ್ ಜನರಲ್ ಬಂಧನವಾದಾಗ ವಾದವೆಲ್ಲ ಇದರ ಸುತ್ತಲೇ ನಡೆಯಿತು. ‘ರಾಜತಾಂತ್ರಿಕರ ಬಂಧನ’ ಎಂದಷ್ಟೇ ಓದಿದ ಕನ್ನಡಿಗರಿಗೆ ಅದು ಹೇಗೆ ಸಾಧ್ಯವಾಯಿತೆಂಬುದೇ ತಿಳಿದಿರಲಾರದು.

ಈ ಅಧಿಕಾರಿಗಳ ದಿನಚರಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಪದ ಅದರಿಂದಲೇ ಹುಟ್ಟಬೇಕು. ಮಾಲೀಕ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಊರಿಗೆ ಬರಲು ‘ಎಮರ್ಜೆನ್ಸಿ ಸರ್ಟಿಫಿಕೇಟ್’ ಕೊಡುವವರು ಇವರು. ಕೊಲ್ಲಿಯಲ್ಲಿ ದುಡಿದವರು ಅದನ್ನು ‘ಔಟ್‌ಪಾಸ್’ ಅನ್ನುತ್ತಾರೆ. ಜೈಲಿಗೆ ಹೋಗಿ ನಮ್ಮವರನ್ನು ಕಂಡು, ವಕೀಲರನ್ನು ಗೊತ್ತುಮಾಡಲು ನೆರವಾಗುತ್ತಾರೆ. 1963ರ ಒಪ್ಪಂದದ 36ನೆಯ ವಿಧಿ ಕೊಟ್ಟ ಹಕ್ಕು ಅದು. ಅಲ್ಲಿ ಹುಟ್ಟಿದ ಮಗುವಿನ ಹೆಸರು ನೋಂದಾಯಿಸುತ್ತಾರೆ. ಮಾಲೂರಿನ ಜಮೀನು ಮಾರಲು ಅಮೆರಿಕದಲ್ಲಿರುವ ಮಗ ಅಪ್ಪನ ಹೆಸರಿಗೆ ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ ಬರೆದುಕೊಟ್ಟರೆ ಅದಕ್ಕೆ ಸಾಕ್ಷಿ ಮೊಹರು ಹಾಕುತ್ತಾರೆ (ಆ ಕಾಗದ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು; ಕೈಪಿಡಿಯಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕುತ್ತಿದ್ದೇವೆ). ಎಲ್ಲಕ್ಕಿಂತ ಭಾರದ ಕೆಲಸ, ತೀರಿಕೊಂಡವರನ್ನು ಊರಿಗೆ ಕಳಿಸುವುದು. ಆ ದೇಶದ ಮರಣಪತ್ರ, ಮನೆಯವರ ಒಪ್ಪಿಗೆ ಪತ್ರ, ಶವ ಕೆಡದಂತೆ ಮಾಡಿದ್ದಕ್ಕೆ ದೃಢೀಕರಣ ಎಲ್ಲ ಕೂಡಿದ ಮೇಲೆ ಸತ್ತವರ ಪಾಸ್‌ಪೋರ್ಟ್ ರದ್ದುಮಾಡಿ ನಿರಾಕ್ಷೇಪಣಾ ಪತ್ರ ಕೊಡುತ್ತಾರೆ. ಗತಿಯಿಲ್ಲದವರ ಖರ್ಚಿಗೆಂದೇ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಇಷ್ಟು ಮಾಡುವವರಿಗೆ ನಮ್ಮ ಭಾಷೆಯಲ್ಲಿ ಒಂದು ಹೆಸರಿಲ್ಲವೆಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಈಗ ಪದಗಳಿಗೆ ಬರೋಣ.

ಹಿಂದಿಯವರ ‘ವಾಣಿಜ್ಯ ದೂತಾವಾಸ’ವನ್ನು ಕೆಲವರು ಹಾಗೆಯೇ ತರುತ್ತಾರೆ. ಬೇಡ. ಪರದೇಶದ ಬಂದರುಗಳಲ್ಲಿ ವರ್ತಕರ ಹಿತ ಕಾಯಲು ಈ ಹುದ್ದೆ ಬೆಳೆಯಿತೆಂಬುದು ನಿಜ, ಆದರೆ ಹೆಣ ಸಾಗಿಸಲು ಅಂಗಲಾಚುವವರನ್ನು ‘ವಾಣಿಜ್ಯ’ದ ಬಾಗಿಲಿಗೆ ಕಳಿಸಲಾಗದು. ‘ರಾಜತಾಂತ್ರಿಕ’ದಲ್ಲಿರುವ ತಂತ್ರ ನಮ್ಮ ಹಳ್ಳಿಯವರಿಗೆ ಕುತಂತ್ರವಾಗಿಯೇ ಕೇಳಿಸುತ್ತದೆ.

ಹಳೆಯ ಮಾತು ‘ವಕೀಲ’. ಹೈದರ್, ಟಿಪ್ಪು ಕಾಲದಲ್ಲಿ ಪರರಾಜ್ಯಕ್ಕೆ ಹೋದವರು ವಕೀಲರೇ. ಹೈದರ್ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. ಟಿಪ್ಪುವಿಗೆ ಮಸ್ಕತ್ ಬಂದರಿನಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆಯಿತ್ತು, ಅದನ್ನು ನೋಡಿಕೊಳ್ಳಲು ದಾರೋಗ ಇದ್ದ. ಇಂದಿನ ಕಾನ್ಸುಲ್‌ಗೆ ನಮ್ಮ ಇತಿಹಾಸದಲ್ಲಿ ಅವನಷ್ಟು ಹತ್ತಿರದವರನ್ನು ನಾನು ಕಂಡಿಲ್ಲ. ಆದರೆ ವಕೀಲರು ಕೋರ್ಟಿಗೆ ಸೇರಿಹೋದರು, ದಾರೋಗ ಅಂದರೆ ಪೊಲೀಸಿನ ನೆನಪು.

‘ಸ್ಥಾನಪತಿ’ ನನಗೆ ಇಷ್ಟ. ವಿಜಯನಗರದ ಆಸ್ಥಾನದಲ್ಲಿ ನಾಯಕರ ಪರವಾಗಿ ನೆಲೆಸಿ, ಒಡೆಯನ ಹಿತ ಕಾಯುತ್ತಿದ್ದವರು ಸ್ಥಾನಪತಿಗಳು. ತೊಡಕೆಂದರೆ ಅದು ಒಡೆಯನ ಹಿತ, ಜನರದಲ್ಲ. ದೇವಸ್ಥಾನದ ಮುಖ್ಯಸ್ಥನಿಗೂ ಇದೇ ಪದ ನಡೆಯುತ್ತದೆ. ‘ಪಾರುಪತ್ತೇಗಾರ’ವೂ ಗುಡಿಯ ಮಾತೇ, ಆದರೆ ಅದರೊಳಗಿನ ‘ಪಾರುಪತ್ಯ’ದಲ್ಲಿ ಜವಾಬ್ದಾರಿ ಹೊತ್ತು ನೋಡಿಕೊಳ್ಳುವ ಅರ್ಥ ಇನ್ನೂ ಜೀವಂತವಾಗಿದೆ.

ನನ್ನ ಒಲವು ಹೀಗಿದೆ: ಕಟ್ಟಡದ ಬೋರ್ಡಿನಲ್ಲಿರುವುದು ‘ಕಾನ್ಸುಲೇಟ್’ ಆದ್ದರಿಂದ ಹುದ್ದೆಗೂ ಕಚೇರಿಗೂ ಕಾನ್ಸುಲ್, ಕಾನ್ಸುಲೇಟ್ ಉಳಿಯಲಿ. ಹುಡುಕಿಕೊಂಡು ಹೋಗುವವನಿಗೆ ಬೋರ್ಡು ಗುರುತು ಸಿಗಬೇಕು. ‘ಕಾನ್ಸುಲರ್ ಆಕ್ಸೆಸ್’ಗೆ ‘ಕಾನ್ಸುಲ್ ಭೇಟಿಯ ಹಕ್ಕು’ ಸಾಕು. ‘ಕಾನ್ಸುಲರ್ ಸೇವೆ’ಗೆ ಮಾತ್ರ ‘ಪ್ರಜಾಪಾರುಪತ್ಯ’ ಎಂದರೆ ಹೇಗೆ? ಓದಿದೊಡನೆ ತಿಳಿಯುತ್ತದೆಯೇ, ಅಥವಾ ಭಾರವಾಯಿತೇ?

ಇನ್ನೆರಡು ವಿಷಯಕ್ಕೆ ಬಲ್ಲವರ ನೆರವು ಬೇಕು. ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟ ಕೋಲಾರ ಜಿಲ್ಲೆಯದು. ಅದರ ಶಾಸನಗಳಲ್ಲಿ ಸ್ಥಾನಪತಿ ಎಂಬುದು ಗುಡಿಯ ಅರ್ಥ ಬಿಟ್ಟು, ಪ್ರತಿನಿಧಿ ಎಂಬ ಅರ್ಥದಲ್ಲಿ ಬಂದಿರುವುದನ್ನು ಯಾರಾದರೂ ಕಂಡಿದ್ದೀರಾ? ಶಾಸನದ ಸಂಖ್ಯೆ ತಿಳಿಸಿ. ಹಾಗೆಯೇ ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಮನೆಮಾತು ತೆಲುಗಾಗಿರುವವರು ‘ರಾಯಬಾರ’ವನ್ನು ಮಹಾಪ್ರಾಣವಿಲ್ಲದೆ ಹೇಳುವಾಗ, ಎರಡು ಮನೆಗಳ ನಡುವೆ ಮಾತು ಒಯ್ಯುವುದಕ್ಕೆ ಮಾತ್ರ ಬಳಸುತ್ತೀರಾ, ಕಷ್ಟದಲ್ಲಿರುವವರ ಪರವಾಗಿ ಓಡಾಡುವುದಕ್ಕೂ ಬಳಸುತ್ತೀರಾ? ಎರಡನೆಯ ಬಳಕೆ ಇದ್ದರೆ ಮನೆಯಲ್ಲಿ ಹೇಳುವ ವಾಕ್ಯವನ್ನೇ ಬರೆದು ಕಳಿಸಿ. ಹಾಗಿದ್ದಲ್ಲಿ ಹೊಸ ಪದ ಕಟ್ಟುವುದನ್ನು ಬಿಟ್ಟು ಅದನ್ನೇ ಹಿಡಿಯುತ್ತೇವೆ.