ಡೊಂಕು ಕಾಲಿನ ಆಪರೇಶನ್ ಆದವರು ಹೇಳ್ರಿ, ಮೊಣಕಾಲು ಮೊದಲಿನಂಗ ಮಡಚತೈತೇನು?

ಗಂಗಾವತಿಯಿಂದ ಕೇಳಿದ್ದು: ನನ್ನ ತಮ್ಮಗ 34 ವರ್ಷ, ರೈಸ್ ಮಿಲ್‌ನಾಗ ಹಮಾಲಿ. ಮೊದಲಿಂದ ಕಾಲು ಬಿಲ್ಲಿನಂಗ ಹೊರಗ ಬಾಗ್ಯಾವು. ಈಗ ಮೊಣಕಾಲಿನ ಒಳಮಗ್ಗಲು ಭಾಳ ನೋವು. ಎಲುಬು ಕೊಯ್ದು ನೆಟ್ಟಗ ಮಾಡಬೇಕು ಅಂದಾರ ಡಾಕ್ಟರು. ಮನಿಯಾಗ ಎಲ್ಲರಿಗೂ ಹೆದರಿಕಿ.

ಸಿಂಧನೂರಿನಿಂದ: ಅಕ್ಕಾರ, ನನ್ನ ಬಲಗಾಲಿಗೆ ಆಗಿ ಎರಡು ವರ್ಷ ಆತು. ಕೊಯ್ಯೋದು ಮೊಣಕಾಲಿನ ಕೀಲಲ್ಲ, ಅದರ ಕೆಳಗಿನ ದೊಡ್ಡ ಎಲುಬು. ಒಳಮಗ್ಗಲಿಂದ ಕೊಯ್ದು, ಬೆಣೆ ಬಡಿದಂಗ ಬಾಯಿ ತೆರೆದು, ಪ್ಲೇಟು ಸ್ಕ್ರೂ ಹಾಕ್ತಾರ. ಕೀಲು ನಿಮ್ಮದೇ ಉಳಿತೈತಿ.

ಯಾಕ ಕೊಯ್ಯಬೇಕು ಅಂತ ನನಗ ತಿಳಿದಿದ್ದು ಎಕ್ಸರೇ ನೋಡಿದಾಗ. ನಿಲ್ಲಿಸಿ, ಸೊಂಟದಿಂದ ಪಾದದತನಕ ಉದ್ದಕ ತೆಗೆದಿದ್ದರು. ಡಾಕ್ಟರು ಸ್ಕೇಲ್ ಹಿಡಿದು ಸೊಂಟದ ಕೀಲಿನಿಂದ ಪಾದದ ಕೀಲಿಗೆ ಗೆರಿ ಎಳೆದರು. ಮೊಣಕಾಲಿನ ನಡುವ ಹಾಯಬೇಕಾದ ಗೆರಿ ನಂದು ಒಳ ಅಂಚಿಗೆ ಸರಿದಿತ್ತು. ಮೈಭಾರ ಅಲ್ಲೇ ಬಿದ್ದು ಮೆತ್ತನ ಎಲುಬು ಸವೆದಿತ್ತು. ಈಗ ಗೆರಿ ನಡುವಿನಿಂದ ತುಸು ಹೊರಮಗ್ಗಲಿಗೆ ಐತಿ. ಸವೆಯದ ಕಡಿ ಭಾರ ಹೋಗಲಿ ಅಂತ ಬೇಕಂತಲೇ ಹಂಗ ಮಾಡ್ತಾರ. ಮೊದಲು ತೋರಿಸಿದ ಕಡಿ ಬರೇ ಮಲಗಿಸಿ ತೆಗೆದ ಸಣ್ಣ ಎಕ್ಸರೇ ನೋಡಿ ತಾರೀಖು ಕೊಟ್ಟಿದ್ದರು. ನೀವು ಹಂಗ ಒಪ್ಪಬ್ಯಾಡ್ರಿ.

ಮಡಚೋದು ಎರಡನೇ ದಿನಕ್ಕ ಸುರು ಮಾಡಿಸಿದರು. ಮೂರು ವಾರಕ್ಕ ಕುರ್ಚಿ ಮ್ಯಾಲೆ ಕುಂತಂಗ ಮಡಚಿತು. ಚಾಚೋದು ತ್ರಾಸಾತು. ನೋವು ಕಡಿಮಿ ಆಗತೈತಿ ಅಂತ ಮೊಣಕಾಲಿನ ಕೆಳಗ ದಿಂಬು ಇಟ್ಕೊಂಡು ಮಲಗ್ತಿದ್ದೆ. ಫಿಜಿಯೋದವರು ಆ ದಿಂಬು ಕಿತ್ತು, ಸುತ್ತಿದ ಟವೆಲ್ ಹಿಮ್ಮಡಿ ಕೆಳಗ ಇಟ್ಟರು. ಹದಿನೈದು ದಿನಕ್ಕ ನೆಟ್ಟಗಾತು. ವಾಕರ್ ಆರು ವಾರ, ಎಲುಬು ಕೂಡಾಕ ನಾಕು ತಿಂಗಳು. ಈಗ ಚಕ್ಕಳಬಕ್ಕಳ ಕುಂತು ಉಣ್ತೀನಿ. ಕುಕ್ಕರಗಾಲಿಲೆ ಭಾಳ ಹೊತ್ತು ಕೂಡಾಕ ಆಗಂಗಿಲ್ಲ, ಭತ್ತದ ನಾಟಿಗೆ ಹೋಗೋದು ಬಿಟ್ಟೀನಿ.

ಕುಷ್ಟಗಿಯಿಂದ: ನನ್ನ ಮಗಳದು ವಿಟಮಿನ್ ಡಿ ಕೊರತಿ ಇತ್ತು, ಔಷಧದಾಗ ನೆಟ್ಟಗಾತು. ಬೆಳೆಯೋ ಮಕ್ಕಳಿಗೆ ಎಲುಬು ಕೊಯ್ಯದೆ ಸಣ್ಣ ಪ್ಲೇಟು ಹಾಕಿ ತಿದ್ದೋದೂ ಐತಿ. ನಿಮ್ಮ ತಮ್ಮನ ಎಲುಬು ಬೆಳೆದು ಮುಗಿದೈತಿ, ಆ ದಾರಿ ಇಲ್ಲ. ನಿಮ್ಮ ಬೋರ್ ನೀರಿನಾಗ ಫ್ಲೋರೈಡ್ ಇದ್ದರ ಡಾಕ್ಟರಿಗೆ ಹೇಳ್ರಿ, ಅದು ಹೆಚ್ಚಾದರೂ ಕಾಲು ಡೊಂಕಾಗಬಹುದು.

ಗಂಗಾವತಿಯವರು ಮತ್ತ: ಚೀಲ ಹೊರಾಕ ಯಾವಾಗ ಹೋಗಬಹುದು? ಬೀಡಿನೂ ಸೇದ್ತಾನ.

ಮಾನ್ವಿಯಿಂದ: ಅಕ್ಕ, ಬೀಡಿ ಇವತ್ತೇ ಬಿಡಸ್ರಿ, ಎಲುಬು ಕೂಡೋದು ತಡ ಆಗತೈತಿ. ನಾನೂ ಹಮಾಲಿ. ಎಕ್ಸರೇದಾಗ ಎಲುಬು ಕೂಡಿದ್ದು ನೋಡೇ ಡಾಕ್ಟರು ಭಾರಕ್ಕ ಹೂಂ ಅಂದರು, ನನಗ ಆರು ತಿಂಗಳು ದಾಟಿತ್ತು. ಮೊದಲು ಅರ್ಧ ಚೀಲ ಹೊತ್ತೆ. ಆಪರೇಶನ್‌ಗಿಂತ ಮೊದಲು ಎಡ ಚಪ್ಪಲಿಯ ಹೊರ ಅಂಚು ಎರಡು ತಿಂಗಳಿಗೆ ಸವೆದು ಹೋಗ್ತಿತ್ತು. ಈಗಿನ ಜೋಡು ಎಂಟು ತಿಂಗಳಾತು, ಹಿಮ್ಮಡಿ ಸಮ ಸವೆದೈತಿ.