ಭಾನುವಾರ ರಾತ್ರಿಯ ಚಳಿಗೆ ಪೈಪು ಒಡೆಯಬಾರದು: ನಮ್ಮ ಬೀದಿಗಳ ತಯಾರಿ

ಪಾರ್ಕ್ ಎದುರು ಮನೆ:
ಇಲ್ಲಿ ಟೆಕ್ಸಸ್‌ನ ಡಲ್ಲಾಸ್ ಸುತ್ತಮುತ್ತ ಭಾನುವಾರ ರಾತ್ರಿ 14 ಡಿಗ್ರಿ ಫ್ಯಾರನ್‌ಹೀಟ್ (ಮೈನಸ್ 10 ಸೆಲ್ಸಿಯಸ್) ಅಂತ ಮುನ್ಸೂಚನೆ ಇದೆ. ಇಲ್ಲಿನ ಮನೆಗಳಿಗೆ ನೆಲಮಾಳಿಗೆ ಇಲ್ಲ. ನೀರಿನ ಪೈಪು ಹಾದುಹೋಗಿರೋದು ಅಟ್ಟದಲ್ಲಿ, ಹೊರಗೋಡೆಯಲ್ಲಿ. 20 ಫ್ಯಾರನ್‌ಹೀಟ್‌ಗಿಂತ ಕೆಳಗೆ ಕೆಲವು ಗಂಟೆ ಇದ್ದರೂ ಅವು ಹೆಪ್ಪುಗಟ್ಟಬಹುದು. 2021ರ ಫೆಬ್ರವರಿ 16ರಂದು ಮೈನಸ್ 2 ಫ್ಯಾರನ್‌ಹೀಟ್‌ಗೆ ಇಳಿದಾಗ ಕರೆಂಟೂ ಇರಲಿಲ್ಲ. ಈ ಸಲವೂ ಇರಲ್ಲ ಅಂತಲೇ ಲೆಕ್ಕ ಹಾಕೋಣ. ಯಾರ ಮನೆ ಖಾಲಿ ಇದೆ? ರಜೆಗೆ ಬೆಂಗಳೂರು, ಮೈಸೂರು ಕಡೆ ಹೋದವರು ಇವತ್ತೇ ತಿಳಿಸಿ.

ಮೂಲೆಮನೆ, ಎರಡನೇ ಬೀದಿ:
ಎಲ್ಲರೂ ಮೊದಲು ಹೊರಗಿನ ನಲ್ಲಿಯಿಂದ ತೋಟದ ಹೋಸ್ ಬಿಚ್ಚಿ. ಫ್ರಾಸ್ಟ್-ಪ್ರೂಫ್ (ಚಳಿಗೆ ಒಡೆಯದಂತೆ ಮಾಡಿದ) ನಲ್ಲಿಯ ವಾಲ್ವ್ ಗೋಡೆಯೊಳಗೆ, ಬೆಚ್ಚಗಿನ ಕಡೆ ಇರುತ್ತೆ. ನಿಲ್ಲಿಸಿದ ಮೇಲೆ ಕೊಳವೆಯಲ್ಲಿ ಉಳಿದ ನೀರು ಹೊರಗೆ ಇಳಿಯಬೇಕು. ಹೋಸ್ ಇದ್ದರೆ ಇಳಿಯಲ್ಲ, ಕೊಳವೆ ಗೋಡೆಯೊಳಗೇ ಸೀಳುತ್ತೆ. ಗೊತ್ತಾಗೋದು ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದಾಗ. ನಲ್ಲಿಗೆ ಫೋಮ್ ಮುಚ್ಚಳ ಆಮೇಲೆ ಹಾಕಿ.

ಪೈಪಿಗೆ ಫೋಮ್ ಸುತ್ತೋರು ಪೈಪು ತಿರುಗುವ ಮೊಣಕೈ ಜಾಯಿಂಟು, T ಆಕಾರದ ಜಾಯಿಂಟು ಬಿಡಬೇಡಿ. ಫೋಮ್ ಶಾಖ ಕೊಡಲ್ಲ, ಇರೋದು ಸೋರಿಹೋಗೋದನ್ನ ನಿಧಾನ ಮಾಡುತ್ತೆ ಅಷ್ಟೇ. ಬಿಟ್ಟ ಜಾಗವೇ ಮೊದಲು ಹೆಪ್ಪುಗಟ್ಟೋದು.

ಮೂರನೇ ಬೀದಿ, ನೀಲಿ ಬಾಗಿಲು:
ನಲ್ಲಿ ಹನಿ ಬಿಟ್ಟರೆ ಸಾಕಲ್ವಾ?

ಮೂಲೆಮನೆ, ಎರಡನೇ ಬೀದಿ:
ಹನಿ ಸಾಲದು, ಪೆನ್ಸಿಲ್ ಕಡ್ಡಿಯಷ್ಟು ಸಣ್ಣ ಧಾರೆ ಬೇಕು. ಮೇನ್ ವಾಲ್ವಿಗೆ (ಇಡೀ ಮನೆಯ ನೀರು ನಿಲ್ಲಿಸುವ ವಾಲ್ವ್) ಅತಿ ದೂರದ, ಹೊರಗೋಡೆಯ ನಲ್ಲಿಯಲ್ಲಿ. ಒಂದೇ ಹಿಡಿಯ ನಲ್ಲಿಯಾದರೆ ಹಿಡಿ ನಡುವೆ ಇರಲಿ, ಬಿಸಿ ತಣ್ಣೀರು ಎರಡೂ ಹರಿಯಲಿ. ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತೆ. ಆ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಪೈಪು ಒಡೆಯುತ್ತೆ, ಹಾಗಾಗಿ ಒಡೆಯೋದು ಎಷ್ಟೋ ಸಲ ಗಡ್ಡೆ ಇಲ್ಲದ ಕಡೆ. ನಲ್ಲಿ ತೆರೆದಿದ್ದರೆ ಒತ್ತಡಕ್ಕೆ ದಾರಿ ಸಿಗುತ್ತೆ. ಮನೆಯ ಬೆಚ್ಚಗಿನ ಗಾಳಿ ಪೈಪಿಗೆ ತಾಗೋ ಹಾಗೆ ಸಿಂಕ್ ಕೆಳಗಿನ ಕಪಾಟಿನ ಬಾಗಿಲೂ ತೆಗೆದಿಡಿ.

ಆದರೆ ಖಾಲಿ ಮನೆಗೆ ಧಾರೆ ನಂಬಬೇಡಿ. ನಿಮ್ಮ ಮೇನ್ ವಾಲ್ವ್ ಮುಚ್ಚಿ, ಮೇಲ್ಮಹಡಿಯ ನಲ್ಲಿ ಮತ್ತು ಅತಿ ಕೆಳಗಿನ ನಲ್ಲಿ ತೆರೆದು ನೀರು ಖಾಲಿ ಮಾಡಿ, ಟಾಯ್ಲೆಟ್ ಫ್ಲಶ್ ಮಾಡಿ, ಹೀಟಿಂಗ್ 55 ಫ್ಯಾರನ್‌ಹೀಟ್‌ಗೆ ಇಟ್ಟು ಹೊರಡಿ. ಎಲೆಕ್ಟ್ರಿಕ್ ವಾಟರ್ ಹೀಟರ್‌ನ ಬ್ರೇಕರ್ ಆಫ್ ಮಾಡಿ. ಟ್ಯಾಂಕ್ ಖಾಲಿಯಿದ್ದು ಕರೆಂಟ್ ಹರಿದರೆ ಎಲಿಮೆಂಟ್ ಸುಟ್ಟುಹೋಗುತ್ತೆ. ಹೊರಗೋಡೆಯ ಟ್ಯಾಂಕ್‌ಲೆಸ್ (ಟ್ಯಾಂಕ್ ಇಲ್ಲದ) ವಾಟರ್ ಹೀಟರ್ ಹೆಪ್ಪುಗಟ್ಟದಂತೆ ಇರೋ ರಕ್ಷಣೆ ಕರೆಂಟ್ ಇದ್ದಾಗ ಮಾತ್ರ ಕೆಲಸ ಮಾಡುತ್ತೆ, ಅದನ್ನೂ ಖಾಲಿ ಮಾಡಿ.

ಪಾರ್ಕ್ ಎದುರು ಮನೆ:
ಸ್ಪ್ರಿಂಕ್ಲರ್ ಇರೋರು: ನೆಲದ ಮೇಲೆ ಕಾಣೋ ಹಿತ್ತಾಳೆಯ ಬ್ಯಾಕ್‌ಫ್ಲೋ ಕವಾಟಕ್ಕೆ (ನೀರು ವಾಪಸ್ ಹರಿಯದಂತೆ ತಡೆಯೋದು) ಬರುವ ನೀರನ್ನು ಅದರ ಹಿಂದಿನ ವಾಲ್ವಿನಲ್ಲಿ ನಿಲ್ಲಿಸಿ, ಅದರ ಮೇಲಿನ ಟೆಸ್ಟ್ ಕಾಕ್‌ಗಳನ್ನು (ಪರೀಕ್ಷೆಗೆ ಇರೋ ಸಣ್ಣ ನಲ್ಲಿಗಳು) ಸ್ಕ್ರೂಡ್ರೈವರ್‌ನಿಂದ ತೆರೆಯಿರಿ. ಕವಾಟದ ಎರಡು ಬಾಲ್ ವಾಲ್ವಿನ (ಒಳಗೆ ತಿರುಗುವ ಗೋಳ ಇರೋ ವಾಲ್ವ್) ಹಿಡಿಗಳನ್ನು 45 ಡಿಗ್ರಿ ಓರೆಯಾಗಿ ಬಿಡಿ, ಇಲ್ಲದಿದ್ದರೆ ಗೋಳದೊಳಗೆ ನೀರು ಉಳಿಯುತ್ತೆ.

ನಾಲ್ಕನೇ ಬೀದಿ, ಕೊನೆಮನೆ:
ಹೆಪ್ಪುಗಟ್ಟಿಬಿಟ್ಟರೆ?

ಮೂಲೆಮನೆ, ಎರಡನೇ ಬೀದಿ:
ನಲ್ಲಿ ತೆರೆದೇ ಇಡಿ. ಹೇರ್ ಡ್ರೈಯರ್ ಹಿಡಿದು ನಲ್ಲಿಯ ಕಡೆಯಿಂದ ಗಡ್ಡೆಯತ್ತ ಸಾಗಿ. ಉರಿಯುವ ಟಾರ್ಚ್ ಬೇಡವೇ ಬೇಡ, ಗೋಡೆಗೆ ಬೆಂಕಿ ಹತ್ತುತ್ತೆ. ಸೋರೋದು ಕರಗಿದ ಮೇಲೆ, ಹಾಗಾಗಿ ಆ ಹೊತ್ತಿಗೆ ಮೇನ್ ಮುಚ್ಚೋಕೆ ಒಬ್ಬರು ನಿಂತಿರಲಿ.

ಪಾರ್ಕ್ ಎದುರು ಮನೆ:
ಹಾಗಾದರೆ ಬೀದಿಗೊಬ್ಬರು ಮೀಟರ್ ಕೀ (ನೀರಿನ ಮೀಟರ್ ಪೆಟ್ಟಿಗೆ, ವಾಲ್ವ್ ತಿರುಗಿಸುವ ಉಪಕರಣ), ಟಾರ್ಚ್‌ಲೈಟ್ ಇಟ್ಟುಕೊಳ್ಳಿ. ಮೀಟರ್ ಪೆಟ್ಟಿಗೆಯ ಮುಂಚಿನ ವಾಲ್ವ್ ನಗರದ್ದು, ಅದನ್ನು ಮುಟ್ಟದೆ ಮನೆಯವರ ವಾಲ್ವನ್ನೇ ಹುಡುಕಿ ಅದರ ಫೋಟೋ ಇಲ್ಲಿ ಹಾಕಿ. ಖಾಲಿ ಮನೆಗೆ ಹೋಗೋ ಮೊದಲು ಮಾಲೀಕರ ಒಪ್ಪಿಗೆ ಸಂದೇಶವಾಗಿ ಬರೆಸಿಕೊಳ್ಳಿ. ಎರಡನೇ, ಮೂರನೇ ಬೀದಿಗೆ ಹೆಸರು ಬಂದಿದೆ, ನಾಲ್ಕನೇ ಬೀದಿಗೆ ಇನ್ನೂ ಯಾರೂ ಇಲ್ಲ.

ನಾಲ್ಕನೇ ಬೀದಿ, ಕೊನೆಮನೆ:
ನಾನು ಇದ್ದೀನಿ. ಶನಿವಾರ ಬೆಳಗ್ಗೆ ಎಲ್ಲ ಪೆಟ್ಟಿಗೆ ತೆರೆದು ನೋಡ್ತೀನಿ.